ಮುಕ್ಕಾದ ಕೊಕ್ಕು

ಏಪ್ರಿಲ್, ಮೊದಲ ವಾರ

ಮೇಲ್ಗೊಕ್ಕಿನ ಎಡ ಅಂಚಿನಲ್ಲಿ ಒಂದು ಚೂರು ಹಾರಿಹೋಗಿದೆ. ಅಕ್ಕಿನುಚ್ಚಿನಷ್ಟು ಚಿಕ್ಕದು. ರಕ್ತವಿಲ್ಲ, ಊತವಿಲ್ಲ, ಕೀವಿಲ್ಲ. ಮುಕ್ಕಾದ ಕಡೆ ಬಣ್ಣ ತುಸು ತಿಳಿ, ಅಂಚು ಬೆರಳಿಗೆ ಒರಟು. ನಿನ್ನೆ ಸಂಜೆ ಎತ್ತಿ ನೋಡಿದಾಗ ಇದು ಇರಲಿಲ್ಲ.

ನಾಯಿಯಾಗಿದ್ದರೆ ಮುಖವನ್ನು ನೆಲಕ್ಕೆ ಉಜ್ಜುತ್ತಿತ್ತು. ಬೆಕ್ಕಾಗಿದ್ದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿತ್ತು. ನಮ್ಮ ಆಮೆ ಹರ್ಬರ್ಟ್ ಎಂದಿನಂತೆ ದೀಪದ ಕೆಳಗೆ ಹಿಂಗಾಲು ಚಾಚಿ ಮಲಗಿದ್ದಾನೆ. “ಅಪ್ಪಾ, ಅವನಿಗೆ ನೋವಾಗ್ತಿದೆಯಾ?” ಎಂದು ಮಗಳು ಕೇಳಿದಳು. ಉತ್ತರ ಗೊತ್ತಿಲ್ಲ. ಎಲ್ಲಿ ನೋಡಿದರೆ ಗೊತ್ತಾಗುತ್ತದೆ ಎಂಬುದೂ ತಿಳಿಯುತ್ತಿಲ್ಲ. ಕಂಡದ್ದನ್ನೆಲ್ಲ ಬರೆದಿಡೋಣ, ಬರೆದಂತೆ ಏನಾದರೂ ಹೊಳೆದೀತು ಎಂದು ಈ ಪುಸ್ತಕ ತೆರೆದಿದ್ದೇನೆ.

ಯಾರಿವನು

ಹರ್ಬರ್ಟ್ ‘ಹರ್ಮನ್ ನೆಲದಾಮೆ’ ಎಂಬ ಜಾತಿಯವನು. ಸ್ಪೇನಿನಿಂದ ಬಾಲ್ಕನ್ ನಾಡುಗಳವರೆಗೆ, ಮೆಡಿಟರೇನಿಯನ್ ಕಡಲಿನ ಉತ್ತರಕ್ಕೆ ಹಬ್ಬಿರುವ ಕುರುಚಲು ಕಾಡು ಇವನ ಕುಲದ ನೆಲೆ. ಇಂಗ್ಲೆಂಡಿನ ರೆಡಿಂಗ್ ಊರಿನಲ್ಲಿ ನಮ್ಮ ಬೀದಿಯಲ್ಲೇ ಇದ್ದ ಅಜ್ಜಿಯೊಬ್ಬರು 1970ರ ದಶಕದಲ್ಲಿ ಇವನನ್ನು ಅಂಗಡಿಯಿಂದ ಕೊಂಡಿದ್ದರಂತೆ. ಆ ಕಾಲಕ್ಕೆ ಗ್ರೀಸ್, ಟರ್ಕಿ, ಮೊರಾಕೊ, ಯುಗೊಸ್ಲಾವಿಯಾಗಳಿಂದ ಕಾಡಿನ ಆಮೆಗಳನ್ನು ಹಿಡಿದು ಪೆಟ್ಟಿಗೆಗಳಲ್ಲಿ ತುಂಬಿ ಇಲ್ಲಿಗೆ ತರುತ್ತಿದ್ದರು. ದಾರಿಯಲ್ಲಿ ಸತ್ತವೆಷ್ಟೋ, ಬಂದ ಮೊದಲ ಚಳಿಗಾಲದಲ್ಲೇ ಸತ್ತವೆಷ್ಟೋ. 1984ರಲ್ಲಿ ಯುರೋಪಿನ ನಿಯಮ ಬಂದು ಆ ವ್ಯಾಪಾರದ ಆಮದು ನಿಂತಿತು. ಹರ್ಬರ್ಟ್ ಅದಕ್ಕೆ ಮೊದಲು ಬಂದು ಬದುಕುಳಿದವನು. ಅಜ್ಜಿ ವೃದ್ಧಾಶ್ರಮಕ್ಕೆ ಹೋಗುವಾಗ ಅವನನ್ನು ನಮ್ಮ ಕೈಗಿತ್ತರು.

ನಮ್ಮ ಕೋಲಾರದ ಕಡೆ ಹೀಗೆ ಆಮೆ ಸಾಕುವಂತಿಲ್ಲ. ಅಲ್ಲಿನ ನಕ್ಷತ್ರ ಆಮೆಯನ್ನು ಹಿಡಿಯುವುದು, ಮನೆಯಲ್ಲಿಟ್ಟುಕೊಳ್ಳುವುದು ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದೃಷ್ಟ ತರುತ್ತದೆ ಎಂಬ ನಂಬಿಕೆಯಿಂದಲೂ ಬೆನ್ನ ಮೇಲಿನ ನಕ್ಷತ್ರಗಳ ಚೆಲುವಿನಿಂದಲೂ ಅದನ್ನು ಕದ್ದು ಸಾಗಿಸುವವರು ಹೆಚ್ಚಾಗಿ, 2019ರಲ್ಲಿ ಸೈಟಿಸ್ ಒಪ್ಪಂದದ ಮೊದಲನೆಯ ಪಟ್ಟಿಗೆ, ಅಂದರೆ ಕಾಡಿನಿಂದ ಹಿಡಿದವುಗಳ ಅಂತರರಾಷ್ಟ್ರೀಯ ವ್ಯಾಪಾರವೇ ಕೂಡದು ಎಂಬ ಪಟ್ಟಿಗೆ ಸೇರಿಸಿದರು. ಅದು ಸರಿಯಾದ ಕೆಲಸ. ಹರ್ಬರ್ಟನ ಜೊತೆ ಇರುತ್ತ ಇರುತ್ತ ಅದು ಎಷ್ಟು ಸರಿ ಎಂಬುದು ಇನ್ನೂ ಸ್ಪಷ್ಟವಾಗುತ್ತಿದೆ.

ಕೊಕ್ಕಿನ ಬಗ್ಗೆ ತಿಳಿದುಕೊಂಡದ್ದು

ಆಮೆಗೆ ಹಲ್ಲಿಲ್ಲ. ದವಡೆಯ ಮೂಳೆಯ ಮೇಲೆ ಕೆರಾಟಿನ್ನಿನ ಕವಚ. ನಮ್ಮ ಉಗುರಿನಲ್ಲಿರುವುದೂ ಕೆರಾಟಿನ್ನೇ. ಹೊರಪದರದಲ್ಲಿ ಜೀವವಿಲ್ಲ. ಅದರಡಿಯಲ್ಲಿ ನರವೂ ರಕ್ತವೂ ಇರುವ ಜೀವಂತ ಪದರವಿದೆ. ಅಲ್ಲಿಂದ ಹೊಸ ಕೆರಾಟಿನ್ ಹುಟ್ಟುತ್ತಲೇ ಇರುತ್ತದೆ, ಅಂಚಿನಲ್ಲಿ ಸವೆಯುತ್ತಲೇ ಇರುತ್ತದೆ. ಮೇಲಿನ ಅಂಚು ಕೆಳಗಿನದರ ಮೇಲೆ ಸ್ವಲ್ಪ ಮುಂಚಾಚಿ ಕೂತು ಎಲೆಯನ್ನು ಕತ್ತರಿಸುತ್ತದೆ. ಮೆತ್ತನೆಯ ಆಹಾರವನ್ನಷ್ಟೇ ತಿನ್ನುತ್ತಿದ್ದರೆ ಸವೆತ ಸಾಲದೆ ಕೊಕ್ಕು ಗಿಳಿಯದರಂತೆ ಬಾಗಿ ಬೆಳೆಯುತ್ತದೆ.

ಮೊಟ್ಟೆಯೊಳಗಿನ ಮರಿಗೆ ಮೂತಿಯ ತುದಿಯಲ್ಲಿ ಮುಳ್ಳಿನಂಥ ಒಂದು ಮೊನೆ ಇರುತ್ತದೆ. ಅದರಿಂದ ಮೊಟ್ಟೆಯೊಡೆದು ಹೊರಬಂದ ಮೇಲೆ ಅದು ಉದುರಿಹೋಗುತ್ತದೆ.

ಇನ್ನೊಂದು ಸಂಗತಿ ಓದಿ ಬಹಳ ಹೊತ್ತು ಯೋಚಿಸಿದೆ. ಚೀನಾದಲ್ಲಿ ಸಿಕ್ಕ ಇಯೊರಿಂಕೊಕೆಲಿಸ್ ಎಂಬ ಪಳೆಯುಳಿಕೆಯನ್ನು 2018ರಲ್ಲಿ ವಿವರಿಸಿದರು. ಸುಮಾರು 22.8 ಕೋಟಿ ವರ್ಷ ಹಳೆಯ ಆಮೆಬಂಧು. ಅದಕ್ಕೆ ಚಿಪ್ಪೇ ಇರಲಿಲ್ಲ, ಆದರೆ ಬಾಯಿಯ ಮುಂಭಾಗದಲ್ಲಿ ಕೊಕ್ಕಿತ್ತು. ಆಮೆ ಎಂದ ಕೂಡಲೇ ನಾವು ಚಿಪ್ಪನ್ನು ನೆನೆಯುತ್ತೇವೆ. ಈ ಜೀವಿಯಲ್ಲಿ ಹೊರಗಿನಿಂದ ಕಾಪಾಡುವ ಚಿಪ್ಪಿಗೆ ಮುಂಚೆ ಹೊರಗಿನದನ್ನು ಒಳಗೆ ತರುವ ಕೊಕ್ಕು ಬಂದಿತ್ತು.

ವೆಟ್ ಹತ್ತಿರ

ಸರೀಸೃಪಗಳನ್ನು ನೋಡುವ ವೈದ್ಯೆ ಮೊದಲು ಕೊಕ್ಕನ್ನು ಮುಟ್ಟಲೇ ಇಲ್ಲ. ತೂಕ ನೋಡಿದರು. ಮೇಜಿನ ಮೇಲೆ ನಡೆಯಲು ಬಿಟ್ಟರು. ಕಣ್ಣು ಗುಳಿಬಿದ್ದಿದೆಯೇ, ಮೂಗಿನಲ್ಲಿ ಗುಳ್ಳೆ ಬರುತ್ತಿದೆಯೇ ಎಂದು ನೋಡಿದರು. ಆಮೇಲೆ ಬಾಯಿ ತೆರೆಸಿ ಒಳಗೆ ಬೆಳಕು ಹಾಯಿಸಿದರು. ಒಳಗೆ ತೆಳು ಗುಲಾಬಿ ಬಣ್ಣವಿದ್ದರೆ ಸರಿ. ಹಳದಿ ಗಿಣ್ಣಿನಂಥದ್ದು ಕಂಡರೆ ಬಾಯಿಯ ಸೋಂಕು. ಕವಚ ಮೂಳೆಯಿಂದ ಸಡಿಲವಾಗಿಲ್ಲ. ಬಿರುಕು ಮೇಲಕ್ಕೆ ಓಡಿಲ್ಲ. ಎರಡು ಅಂಚುಗಳೂ ಸರಿಯಾಗಿ ಕೂಡುತ್ತವೆ. ಒರಟಾದ ಜಾಗವನ್ನು ತಿರುಗುವ ಸಣ್ಣ ಅರದಿಂದ ತುಸು ನಯ ಮಾಡಿದರು. ಮುಲಾಮು ಕೊಡಲಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು: ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ, ಹತ್ತಿಯಲ್ಲಿ ಅದ್ದಿ ಊಟದ ನಂತರ ಮೆಲ್ಲಗೆ ಒರೆಸುವುದು. ಉಗುರುಬೆಚ್ಚಗಿನ ನೀರನ್ನು ಗದ್ದದವರೆಗೆ ಮಾತ್ರ ಬರುವಂತೆ ಬಟ್ಟಲಿಗೆ ಹಾಕಿ ಸ್ವಲ್ಪ ಹೊತ್ತು ಕೂರಿಸುವುದು. ಉಗುರು ಕತ್ತರಿಸುವ ಸಾಧನದಿಂದ ಕೊಕ್ಕನ್ನು ಎಂದೂ ಕತ್ತರಿಸಬಾರದು. ಒತ್ತಡಕ್ಕೆ ಕೆರಾಟಿನ್ ಉದ್ದಕ್ಕೂ ಸೀಳುತ್ತದೆ. ರಕ್ತ ಬಂದರೆ, ವಾಸನೆ ಬಂದರೆ, ಮುಖ ಊದಿದರೆ, ಊಟ ಬಿಟ್ಟರೆ ತಡಮಾಡದೆ ಬರಬೇಕು.

ಹೊರಡುವಾಗ ಅವರು ಕೇಳಿದ್ದೆಲ್ಲ ಮನೆಯ ಬಗ್ಗೆ. ದೀಪ ಎಂಥದು, ಹಾಕಿ ಎಷ್ಟು ಕಾಲವಾಯಿತು, ದೀಪದ ಕೆಳಗೆ ಶಾಖ ಎಷ್ಟು, ಏನು ತಿನ್ನುತ್ತಾನೆ, ಯಾವುದರ ಮೇಲೆ ಇಟ್ಟು ತಿನ್ನಿಸುತ್ತೀರಿ. ಗಾಯ ಬಾಯಲ್ಲಿರುವಾಗ ಪ್ರಶ್ನೆಗಳೆಲ್ಲ ದೀಪ ನೆಲಗಳ ಮೇಲೆ ಏಕೆ?

ಅಮ್ಮನ ಫೋನು

“ಏನಪ್ಪಾ, ಆಮೆಗೆ ಗಾಯ ಆಗಿದೆಯಂತೆ? ಒಂಚೂರು ಅರಿಶಿನ ಹಚ್ಚಬಾರದಾ?”

“ಪುಡಿ ಮೆತ್ತಿಕೊಂಡರೆ ಗಾಯ ಕಾಣಲ್ಲಮ್ಮ. ಉಪ್ಪುನೀರಲ್ಲಿ ಒರೆಸಿದರೆ ಸಾಕು ಅಂದಿದ್ದಾರೆ.”

“ಹಂಗಾದ್ರೆ ಬಿಸಿಲಿಗೆ ಬಿಡು. ನಮ್ಮ ಹೊಲದ ಬೇಲೀಲಿ ಎಷ್ಟೊಂದು ಇರ್ತಿದ್ದವು. ಅವಕ್ಕೆಲ್ಲ ಯಾರಪ್ಪಾ ಔಷಧಿ ಹಚ್ತಿದ್ರು?”

ಅಮ್ಮ ಹೇಳುತ್ತಿರುವುದು ನಕ್ಷತ್ರ ಆಮೆಗಳ ಮಾತು. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಕತ್ತಾಳೆ ಬುಡದಿಂದ ಹೊರಗೆ ಬಂದು ರಾಗಿ ಹೊಲದ ಬದುವಿನಲ್ಲಿ ಹುಲ್ಲು ಮೇಯುತ್ತಿದ್ದವಂತೆ. ವೈದ್ಯೆ ಕೇಳಿದ ಪ್ರಶ್ನೆಗಳೂ ಅಮ್ಮ ಹೇಳಿದ ಮಾತೂ ಒಂದೇ ಕಡೆ ಕೈತೋರಿಸುತ್ತಿವೆ: ಆಮೆ ಬಾಳುವ ನೆಲ, ಬೆಳಕುಗಳ ಕಡೆಗೆ.

ನೋವು

ಮಗಳ ಪ್ರಶ್ನೆಗೆ ಉತ್ತರ ಹುಡುಕಿದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಕೆಂಪುಕಿವಿಯ ಕೊಳದಾಮೆಗಳ ಹಿಂಗಾಲಿಗೆ ಬಿಸಿ ತಾಗಿಸಿ, ಕಾಲನ್ನು ಎಷ್ಟು ಹೊತ್ತಿಗೆ ಹಿಂದೆಗೆಯುತ್ತವೆ ಎಂದು ಅಳೆದರು. ಮಾರ್ಫಿನ್ ಕೊಟ್ಟ ಆಮೆಗಳು ತಡವಾಗಿ ಕಾಲೆಳೆದುಕೊಂಡವು. ಮದ್ದು ಕೊಟ್ಟಾಗ ತಗ್ಗುವಂಥದ್ದೇನೋ ಒಳಗೆ ಇದೆ ಎಂದಾಯಿತು. ಮಾರ್ಫಿನ್ನಿನ ಪರಿಣಾಮ ಕಾಣಿಸಿಕೊಳ್ಳಲೂ ಗಂಟೆಗಳು ಹಿಡಿದವು.

“ನೋವು ಆಗುತ್ತೆ ಪುಟ್ಟಿ. ಅವನು ತೋರಿಸಿಕೊಳ್ಳಲ್ಲ ಅಷ್ಟೇ” ಎಂದೆ. ಕಾಡಿನಲ್ಲಿ ನೋವನ್ನು ತೋರಿಸಿಕೊಂಡ ಪ್ರಾಣಿ ಬೇಟೆಗಾರನ ಕಣ್ಣಿಗೆ ಮೊದಲು ಬೀಳುತ್ತದೆ. ಹಾಗಾಗಿ ನೋಡುವವರೇ ಹುಡುಕಬೇಕು. ಎಲೆಯನ್ನು ಒಂದೇ ಸಲಕ್ಕೆ ಕಚ್ಚುತ್ತಾನೆಯೇ ಅಥವಾ ಕಚ್ಚಿ ಬಿಟ್ಟು ಮತ್ತೆ ಕಚ್ಚುತ್ತಾನೆಯೇ? ಯಾವ ಕಡೆಯಿಂದ ಕಚ್ಚುತ್ತಾನೆ? ಇವತ್ತು ಬಲಗಡೆಯಿಂದಲೇ ಕಚ್ಚುತ್ತಿದ್ದ. ನೋವಿನ ಭಾಷೆ ಇದೇ ಇರಬೇಕು.

ಕಚ್ಚಿದ್ದೇನು?

ಚೂರು ಹಾರಿದ್ದು ಹೇಗೆ ಎಂಬುದು ಬಗೆಹರಿಯುತ್ತಿಲ್ಲ. ಇಟ್ಟಿಗೆಯ ಅಂಚಿನಿಂದ ಬಿದ್ದಿದ್ದರೆ ಚಿಪ್ಪಿನ ಮೇಲೆ ಗೀರು ಇರಬೇಕಿತ್ತು, ಇಲ್ಲ. ತಂತಿಬಲೆ ಕಚ್ಚಿದ್ದರೆ ಎರಡೂ ಕೊಕ್ಕಿಗೆ ಗುರುತು ಬೀಳಬೇಕಿತ್ತು, ಇಲ್ಲ.

ಹೂಪಾತಿಯ ಮಣ್ಣನ್ನು ಕೆದಕಿ ನೋಡಿದೆ. ರೆಡಿಂಗಿನ ಸುತ್ತ ಸುಣ್ಣದ ಗುಡ್ಡಗಳ ಸೀಮೆ, ಮಣ್ಣಿನ ತುಂಬ ಫ್ಲಿಂಟ್ ಕಲ್ಲು. ಒಳಗೆ ಕಪ್ಪು, ಗಾಜನ್ನು ಗೀಚುವಷ್ಟು ಗಟ್ಟಿ. ಮೇಲೆ ಮಾತ್ರ ಬಿಳಿ ತೊಗಟೆ. ಆಮೆಗಳು ಬಿಳಿ ಕಲ್ಲನ್ನು, ಒಣ ಮೂಳೆಯನ್ನು ಕಚ್ಚಿ ನೋಡುವುದು ಸಾಕುವವರಿಗೆಲ್ಲ ಗೊತ್ತಿರುವ ವಿಷಯ. ಇವನೂ ಇಂಥ ಕಲ್ಲನ್ನೇ ಕಚ್ಚಿರಬಹುದೇ ಎಂದು ನೋಡಲು ಸಂಜೆ ಅವನೆದುರು ಪಾಪಸುಕಳ್ಳಿಯ ತುಂಡು, ಕಂದು ಬೆಣಚು, ಸಮುದ್ರನೊರೆ ಮೂರನ್ನೂ ಇಟ್ಟೆವು. ಸಮುದ್ರನೊರೆ ಎಂದರೆ ಕಟಲ್‌ಫಿಶ್‌ನ ಬಿಳಿ ಒಳಚಿಪ್ಪು. ಬಹುಪಾಲು ಸುಣ್ಣದ ಅಂಶ, ಮೆತ್ತಗೆ ಪುಡಿಯಾಗುತ್ತದೆ. ಅವನು ನೇರ ಅದರತ್ತ ನಡೆದು ಕಚ್ಚಿದ.

ಅವನು ಕ್ಯಾಲ್ಸಿಯಂ ಬೇಕೆಂದು ಅದನ್ನು ಹುಡುಕಿಕೊಂಡು ಹೋದನೇ, ಬಿಳಿ ಬಣ್ಣ ಕಣ್ಸೆಳೆಯಿತೇ? ನನ್ನ ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ ಮಾಡಬೇಕಾದ ಕೆಲಸ ಒಂದೇ: ಬಿಳಿಯಾದ, ಮೆತ್ತನೆಯ, ಸುಣ್ಣದ ವಸ್ತು ಅವನ ಎದುರಿಗೆ ಸದಾ ಇರಬೇಕು. ಫ್ಲಿಂಟ್ ಚೂರುಗಳನ್ನೆಲ್ಲ ಆರಿಸಿ ತೆಗೆದೆವು.

ಬೆಳಕು

ಕ್ಯಾಲ್ಸಿಯಂ ತಿಂದರಷ್ಟೇ ಸಾಲದು. ಕರುಳು ಅದನ್ನು ಹೀರಬೇಕಾದರೆ ವಿಟಮಿನ್ ಡಿ3 ಬೇಕು. ಅದು ಚರ್ಮದಲ್ಲಿ ತಯಾರಾಗಬೇಕಾದರೆ ಬಿಸಿಲಿನ ಯುವಿಬಿ ಕಿರಣ ಬೇಕು. ಡಿ3 ಕೊರತೆಯಾದರೆ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯುತ್ತದೆ. ದವಡೆ ಮೆತ್ತಗಾಗುತ್ತದೆ, ಮೇಲೆ ಕೂತ ಕೊಕ್ಕು ಸೊಟ್ಟಗಾಗುತ್ತದೆ. ಹಾಗಾದರೆ ಕೊಕ್ಕಿನ ಬುಡ ಸೂರ್ಯನಲ್ಲಿದೆ ಎಂದಾಯಿತು.

ಮಾಮೂಲಿ ಕಿಟಕಿ ಗಾಜು ಯುವಿಬಿಯನ್ನು ತಡೆಯುತ್ತದೆ. ಗಾಜಿನೊಳಗೆ ಬೆಚ್ಚಗೆ ಬಿಸಿಲು ಕಾಯುತ್ತಿರುವ ಆಮೆ ನೋಡುವವರಿಗೆ ಸುಖವಾಗಿ ಕಾಣುತ್ತದೆ, ಅದರ ಮೂಳೆಗೆ ಮಾತ್ರ ಕತ್ತಲೆಯೇ. ಇದಕ್ಕೆಂದೇ ಇರುವ ಯುವಿಬಿ ದೀಪವೂ ಮೋಸ ಮಾಡಬಲ್ಲದು: ನಮ್ಮ ಕಣ್ಣಿಗೆ ಬೆಳಗುತ್ತಲೇ ಇರುತ್ತದೆ, ಯುವಿಬಿ ಮಾತ್ರ ಕುಗ್ಗಿರುತ್ತದೆ. ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಬದಲಿಸಲೇಬೇಕು. ಹೊಸ ದೀಪ ಹಾಕಿ ದಿನಾಂಕವನ್ನು ಅದರ ಪಕ್ಕದಲ್ಲೇ ಬರೆದಿದ್ದೇವೆ.

ಕೋಲಾರ ಇರುವುದು 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ, ರೆಡಿಂಗ್ 51ರ ಮೇಲೆ. “ಬಿಸಿಲಿಗೆ ಬಿಡು” ಎಂಬ ಅಮ್ಮನ ಮಾತನ್ನು ಇಲ್ಲಿ ನಡೆಸುವುದಕ್ಕೆ ದೀಪ, ತಂತಿ, ಗಡಿಯಾರ, ಥರ್ಮಾಮೀಟರು ಇಷ್ಟೆಲ್ಲ ಬೇಕು.

ಶಾಖ

ದೀಪದ ಕೆಳಗಿನ ಕಲ್ಲು 32ರಿಂದ 35 ಡಿಗ್ರಿ ಸೆಲ್ಸಿಯಸ್. ಇನ್ನೊಂದು ತುದಿ 20ರ ಆಸುಪಾಸು. ಎರಡರ ನಡುವೆ ಅವನು ದಿನವಿಡೀ ಓಡಾಡುತ್ತಾನೆ. ಇದನ್ನು ನಾನು ಬರೀ ಅಲೆದಾಟ ಎಂದುಕೊಂಡು ನೋಡುತ್ತಿದ್ದೆ. ಈಗ ಅವನ ಹೆಜ್ಜೆಗಳನ್ನೂ ಥರ್ಮಾಮೀಟರನ್ನೂ ಸೇರಿಸಿ ನೋಡಿದರೆ ಅದು ಅವನ ದೇಹದೊಳಗಿನ ಕೆಲಸವೇ. ನಮ್ಮ ಒಳಗೆ ತಾನಾಗಿ ನಡೆಯುವ ಶಾಖದ ಹದವನ್ನು ಅವನು ಕಾಲಿನಿಂದ ನಡೆದು ನಡೆದು ಮಾಡಿಕೊಳ್ಳುತ್ತಾನೆ.

ಜೀರ್ಣವಾಗಲು ಶಾಖ ಬೇಕು, ಸೋಂಕಿನೊಡನೆ ಹೋರಾಡಲು ಶಾಖ ಬೇಕು, ಹೊಸ ಕೆರಾಟಿನ್ ಹುಟ್ಟಲೂ ಶಾಖ ಬೇಕು. ಅದಕ್ಕೇ ಗಾಯಗೊಂಡ ಆಮೆಯನ್ನು ತಣ್ಣನೆಯ ಮೂಲೆಯಲ್ಲಿ ವಿಶ್ರಾಂತಿಗೆಂದು ಇಡಬಾರದು. ಚಳಿಗಾಲದ ದೀರ್ಘ ನಿದ್ದೆಗೂ ಇದೇ ಲೆಕ್ಕ: ಇಲ್ಲಿ ಸಾಕುವವರಲ್ಲಿ ಹಲವರು ಆರೋಗ್ಯವಾಗಿರುವ ಆಮೆಯನ್ನು ಸುಮಾರು 5 ಡಿಗ್ರಿಗೆ ಹೊಂದಿಸಿದ ಫ್ರಿಜ್ಜಿನಲ್ಲಿ ಮಲಗಿಸುತ್ತಾರೆ, ಗಾಳಿಯಾಡಲು ಆಗಾಗ ಬಾಗಿಲು ತೆರೆಯುತ್ತಾರೆ. ಕಾಯಿಲೆ ಇದ್ದರೆ, ತೂಕ ಕಡಿಮೆಯಿದ್ದರೆ ಮಲಗಿಸುವುದಿಲ್ಲ.

ಗೀತೆಯ ಆಮೆ

ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಸ್ಥಿತಪ್ರಜ್ಞನಿಗೆ ಆಮೆಯ ಹೋಲಿಕೆ ಬರುತ್ತದೆ. ಚಿಕ್ಕಂದಿನಿಂದ ಕೇಳಿದ್ದು: ಅಂಗಗಳನ್ನು ಒಳಗೆಳೆದುಕೊಂಡ ಹಾಗೆ ಇಂದ್ರಿಯಗಳನ್ನು ಒಳಗೆಳೆದುಕೊಳ್ಳಬೇಕು. ಆ ಮಾತು ಮನಸ್ಸಿನ ಬಗ್ಗೆ ಹೇಳಿದ್ದು, ಅದರ ತೂಕ ಅದಕ್ಕೆ ಇದೆ. ಆದರೆ ಅದನ್ನು ಕೇಳಿ ಬೆಳೆದ ನನ್ನೊಳಗೆ ಆಮೆ ಎಂದರೆ ಯಾರ ಹಂಗೂ ಇಲ್ಲದೆ ತನ್ನೊಳಗೆ ತಾನಿರುವ ಪ್ರಾಣಿ ಎಂಬ ಚಿತ್ರ ಕೂತಿತ್ತು. ದಿನವೂ ನೋಡುತ್ತಿರುವ ಆಮೆ ಆ ಚಿತ್ರಕ್ಕೆ ಹೊಂದುತ್ತಿಲ್ಲ. ಇವನಿಗೆ ಶಾಖ ಹೊರಗಿದೆ, ಮೂಳೆಯ ಗಟ್ಟಿತನಕ್ಕೆ ಬೇಕಾದ ಬೆಳಕು ಹೊರಗಿದೆ, ಕೊಕ್ಕನ್ನು ಸವೆಸುವ ಕಲ್ಲು ಹೊರಗಿದೆ.

ಆಮೆ ತನ್ನ ಮೊಟ್ಟೆಗಳನ್ನು ದೂರದಿಂದ ನೆನೆದೇ ಮರಿಮಾಡುತ್ತದೆ ಎಂಬ ಮಾತೂ ನಮ್ಮಲ್ಲಿದೆ. ಗುರು ಶಿಷ್ಯನನ್ನು ಪೊರೆಯುವ ಬಗೆಗೆ ಹೇಳುವ ಉಪಮೆ ಅದು: ಮೀನು ನೋಟದಿಂದ, ಹಕ್ಕಿ ಸ್ಪರ್ಶದಿಂದ, ಆಮೆ ಸ್ಮರಣೆಯಿಂದ. ದಿಟದಲ್ಲಿ ತಾಯಿ ಆಮೆ ಗುಂಡಿ ತೋಡಿ ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ಕಾವು ಕೊಡುವುದು ನೆಲ. ಮರಿ ಗಂಡೋ ಹೆಣ್ಣೋ ಎಂಬುದನ್ನೂ ಮಣ್ಣಿನ ಶಾಖವೇ ತೀರ್ಮಾನಿಸುತ್ತದೆ: ಹರ್ಮನ್ ಆಮೆಗಳಲ್ಲಿ ತಂಪಿದ್ದರೆ ಗಂಡು, ಬಿಸಿ ಹೆಚ್ಚಿದ್ದರೆ ಹೆಣ್ಣು. ಹುಟ್ಟುವ ಮುಂಚಿನಿಂದಲೂ ಇವನ ಬಾಳು ನೆಲದ ಕೈಯಲ್ಲಿದೆ.

ಜೊನಾಥನ್

ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪದಲ್ಲಿ ಗವರ್ನರರ ನಿವಾಸ ಪ್ಲಾಂಟೇಶನ್ ಹೌಸ್. ಅದರ ಹುಲ್ಲುಹಾಸಿನ ಮೇಲೆ ಇರುವ ಸೇಶೆಲ್ಸ್ ದೈತ್ಯ ಆಮೆ ಜೊನಾಥನ್ 1882ರಲ್ಲಿ ಅಲ್ಲಿಗೆ ಬಂದಾಗಲೇ ಪೂರ್ತಿ ಬೆಳೆದಿದ್ದ. ಹಾಗಾಗಿ ಅವನ ಹುಟ್ಟು 1832ರ ಸುಮಾರಿಗೆ ಎಂದು ಲೆಕ್ಕ.

ಇಳಿವಯಸ್ಸಿನಲ್ಲಿ ಅವನಿಗೆ ದೃಷ್ಟಿ ಹೋಯಿತು, ವಾಸನೆ ತಿಳಿಯದಾಯಿತು. ಕೊಕ್ಕು ಮೆತ್ತಗಾಗಿ ಮೊಂಡಾಯಿತು, ಹುಲ್ಲನ್ನು ಸರಿಯಾಗಿ ಕತ್ತರಿಸಲಾಗದೆ ಸೊರಗಿದ. ಪಶುವೈದ್ಯ ಜೋ ಹಾಲಿನ್ಸ್ ಅವನಿಗೆ ವಾರಕ್ಕೊಮ್ಮೆ ಹಣ್ಣು ತರಕಾರಿಗಳನ್ನು ಕೈಯಾರೆ ತಿನ್ನಿಸತೊಡಗಿದರು. ಮೈಗೆ ಕಸುವು ಬಂದಂತೆ ಕೊಕ್ಕು ಮತ್ತೆ ಗಟ್ಟಿಯಾಗಿ ಹರಿತವಾಯಿತು, ತಿನ್ನಿಸುವವರ ಬೆರಳಿಗೆ ಅಪಾಯವಾಗುವಷ್ಟು. ಕೊಕ್ಕು ಸರಿಹೋದದ್ದು ಊಟದಿಂದ.

ಹೀಗೆ ಸರಿಹೋಗದ ಗಾಯಗಳೂ ಇವೆ. ಟರ್ಕಿಯ ಕಡಲಲ್ಲಿ ದೋಣಿಯ ಪ್ರೊಪೆಲ್ಲರಿಗೆ ಸಿಕ್ಕಿ ದವಡೆ ಹರಿದುಹೋದ ಕಡಲಾಮೆಯೊಂದಕ್ಕೆ 2015ರಲ್ಲಿ ತ್ರೀಡಿ ಮುದ್ರಣದಿಂದ ಟೈಟೇನಿಯಂ ಕೊಕ್ಕು ಮಾಡಿ ಜೋಡಿಸಿದರು. ಬುಡದ ಜೀವಂತ ಪದರವೂ ಮೂಳೆಯೂ ಹೋದರೆ ಬೆಳೆಯಲು ಏನೂ ಉಳಿಯುವುದಿಲ್ಲ. ಸಣ್ಣ ಮುಕ್ಕಿಗೂ ದೊಡ್ಡ ಗಾಯಕ್ಕೂ ಇರುವ ಗಡಿ ಅದು. ಗಡಿ ಎಲ್ಲಿದೆ ಎಂದು ನೋಡುವುದಕ್ಕಾಗಿಯೇ ವೆಟ್ ಬೇಕು.

ಮೇ, ಊಟ

ಡ್ಯಾಂಡೆಲಿಯನ್ ಎಲೆ, ಹೂವು, ಕ್ಲೋವರ್, ಹಿತ್ತಿಲ ಪ್ಲಾಂಟೇನ್ ಕಳೆ, ಗಾಜುಮನೆಯ ಕುಂಡದಲ್ಲಿ ಬೆಳೆಸಿದ ದಾಸವಾಳದ ಎಲೆ, ಗೆಳೆಯರೊಬ್ಬರ ತೋಟದ ಹಿಪ್ಪುನೇರಳೆ ಎಲೆ. ಪಾಲಕ್ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಬಿಡುತ್ತದೆ. ಜೊನಾಥನ್ನನಿಗೆ ಕೊಟ್ಟ ಹಣ್ಣು ಇವನಿಗೆ ಸಲ್ಲದು, ಹರ್ಮನ್ ಆಮೆಯ ಕರುಳು ಸೊಪ್ಪಿನ ನಾರಿಗೆ ಒಗ್ಗಿದ್ದು.

ಮೊದಲ ವಾರಗಳಲ್ಲಿ ಸೊಪ್ಪನ್ನು ಸಣ್ಣಗೆ ಹರಿದು ಕೊಟ್ಟೆವು. ಈಗ ಇಡೀ ಎಲೆಯನ್ನು ಸ್ಲೇಟು ಕಲ್ಲಿನ ಮೇಲೆ ಇಡುತ್ತಿದ್ದೇವೆ. ಅವನು ಕಚ್ಚುವಾಗ ಕೊಕ್ಕು ಕಲ್ಲಿಗೆ ತಾಗಿ ಸಣ್ಣ ಸದ್ದಾಗುತ್ತದೆ. ಇವತ್ತು ಎಡಗಡೆಯಿಂದಲೂ ಕಚ್ಚಿದ.

ಜುಲೈ

ಮುಕ್ಕಾದ ಜಾಗ ತುಂಬಿಕೊಂಡು ಬರುತ್ತದೆ ಎಂದು ಕಾಯುತ್ತಿದ್ದೆ. ಭೂತಗನ್ನಡಿ ಹಿಡಿದು ನೋಡಿದರೆ ನಡೆಯುತ್ತಿರುವುದು ಬೇರೆ. ಹಳ್ಳ ತುಂಬುತ್ತಿಲ್ಲ, ಬುಡದಿಂದ ಹೊಸ ಕೆರಾಟಿನ್ ಬಂದಂತೆ ಅದು ಅಂಚಿನ ಕಡೆಗೆ ಸರಿಯುತ್ತಿದೆ. ಅದೇ ಹೊತ್ತಿಗೆ ಅಕ್ಕಪಕ್ಕದ ಅಂಚು ಕಲ್ಲಿಗೆ, ಎಲೆಗೆ ತಾಗಿ ಸವೆಯುತ್ತಿದೆ. ಒಂದು ಕಡೆ ಬೆಳೆಯುವುದು, ಇನ್ನೊಂದು ಕಡೆ ಸವೆಯುವುದು ಎರಡೂ ಸೇರಿ ಮುಕ್ಕನ್ನು ಅಳಿಸುತ್ತಿವೆ. ಮೃದುವಾಗಿ ನೋಡಿಕೊಳ್ಳಬೇಕೆಂದು ಕಲ್ಲನ್ನು ತೆಗೆದು ಮೆತ್ತನೆಯದನ್ನೇ ತಿನ್ನಿಸುತ್ತ ಹೋಗಿದ್ದರೆ ಮುಕ್ಕು ಇನ್ನೂ ಅಲ್ಲೇ ಇರುತ್ತಿತ್ತು. ಇಲ್ಲಿ ಒರಟುತನವೂ ಆರೈಕೆಯ ಒಂದು ಭಾಗ.

ಇಷ್ಟು ತಿಂಗಳು ಬರೆದದ್ದನ್ನೆಲ್ಲ ತಿರುವಿಹಾಕಿದಾಗ ನನಗೆ ಗಟ್ಟಿಯಾಗಿ ತೋರುವುದು ಇದು: ಈ ಪ್ರಾಣಿಯ ದೇಹ ಚಿಪ್ಪಿನ ಅಂಚಿಗೆ ಮುಗಿಯುವುದಿಲ್ಲ. ಬಿಸಿಲು, ಕಲ್ಲು, ಕಳೆಸೊಪ್ಪು, ನೆಲದ ಬಿಸಿ ಎಲ್ಲವೂ ಅದರ ದೇಹದ ಪಾಲುಗಳೇ. ಆಮೆಯನ್ನು ಅದರ ನೆಲದಿಂದ ಎತ್ತಿ ತಂದವರು ಅರ್ಧ ದೇಹವನ್ನು ಅಲ್ಲೇ ಬಿಟ್ಟು ಬಂದರು. ಸಾಕುವವರ ಕೆಲಸ ಆ ಉಳಿದರ್ಧವನ್ನು ದಿನದಿನವೂ ಕಟ್ಟಿಕೊಡುವುದು. ಇನ್ನೂ ನೆಲದ ಮೇಲಿರುವ ನಕ್ಷತ್ರ ಆಮೆಗಳಿಗೆ ಮಾಡಬಹುದಾದ ಆರೈಕೆ ಒಂದೇ, ಅವುಗಳನ್ನು ಎತ್ತದೇ ಇರುವುದು.

ತೂಕದ ಪುಸ್ತಕ

ಗಿಲ್ಬರ್ಟ್ ವೈಟ್ ಎಂಬ ಪಾದ್ರಿ, ಇಂಗ್ಲೆಂಡಿನ ಸೆಲ್ಬೋರ್ನ್ ಹಳ್ಳಿಯ ಪ್ರಕೃತಿಯ ಬಗ್ಗೆ ಬರೆದವರು, ತಮ್ಮ ಸೋದರತ್ತೆ ತೀರಿಕೊಂಡ ಮೇಲೆ 1780ರಲ್ಲಿ ಅವರ ಆಮೆ ಟಿಮೊಥಿಯನ್ನು ಮನೆಗೆ ತಂದರು. ಅದರ ತೂಕ ನೋಡಿ ಬರೆದಿಡುತ್ತಿದ್ದರು. ಮಳೆಗೆ ಅದು ಹೇಗೆ ಅಂಜುತ್ತದೆ, ಯಾವಾಗ ಮಣ್ಣಿಗಿಳಿಯುತ್ತದೆ ಎಂಬುದನ್ನೂ. ಕಹಳೆಯಲ್ಲಿ ಜೋರಾಗಿ ಕೂಗಿದರೂ ಅದು ಗಮನಿಸಲಿಲ್ಲ ಎಂದು ಬರೆದಿದ್ದಾರೆ. ವೈಟ್ 1793ರಲ್ಲಿ ತೀರಿಕೊಂಡರು, ಟಿಮೊಥಿ ಮರುವರ್ಷ. ಚಿಪ್ಪು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ. ಅದನ್ನು ಪರೀಕ್ಷಿಸಿದ ಮೇಲೆ ಟಿಮೊಥಿ ಹೆಣ್ಣು ಎಂದು ತಿಳಿಯಿತು. ಅಷ್ಟು ಎಚ್ಚರದಿಂದ ನೋಡಿದವರಿಗೂ ಆಮೆ ತನ್ನ ಬಗ್ಗೆ ಇಷ್ಟು ದೊಡ್ಡ ಸಂಗತಿಯನ್ನು ಬಿಟ್ಟುಕೊಟ್ಟಿರಲಿಲ್ಲ.

ಆಮೆ ಒಬ್ಬರ ಆಯುಸ್ಸಿಗೆ ಮುಗಿಯುವ ಜವಾಬ್ದಾರಿಯಲ್ಲ. ಹರ್ಬರ್ಟನನ್ನು ನಮಗಿತ್ತ ಅಜ್ಜಿಯೂ ಒಂದು ಪುಸ್ತಕದಲ್ಲಿ ಅವನ ತೂಕ ಬರೆದಿಟ್ಟಿದ್ದರು. ಅದೇ ಪುಸ್ತಕದ ಮುಂದಿನ ಹಾಳೆಗಳಲ್ಲಿ ಈಗ ಮಗಳು ಬರೆಯುತ್ತಿದ್ದಾಳೆ, ಅವಳೇ ಗೆರೆ ಎಳೆದ ಕಾಲಂಗಳಲ್ಲಿ: ತೂಕ, ದೀಪ ಬದಲಿಸಿದ ದಿನ, ಕಲ್ಲಿನ ಶಾಖ, ತಿಂದ ಸೊಪ್ಪು, ಯಾವ ಕಡೆಯಿಂದ ಕಚ್ಚಿದ. ಕೊಕ್ಕಿನ ಕಾಲಂ ಕೊನೆಯದು. ಅದು ಕೊನೆಯದಾಗಿಯೇ ಇರಲಿ ಎಂದು ಹೇಳಿದ್ದೇನೆ. ಮೊದಲಿನ ಕಾಲಂಗಳು ಸರಿಯಿದ್ದರೆ ಅದು ಬಹುಮಟ್ಟಿಗೆ ತಾನಾಗಿ ಸರಿಯಿರುತ್ತದೆ. ಅದು ಕೆಟ್ಟ ದಿನ ಮೊದಲಿನವನ್ನೆಲ್ಲ ಒಂದೊಂದಾಗಿ ನೋಡಬೇಕು.